ಕಲ್ಲವ್ವಜ್ಜಿಯ ಕತೆಗಳನ್ನು ತಡೆದ ಇಬ್ಬರು ಕಾವಲುಗಾರರಿಗೆ

ಮಾನ್ಯ ಕಾವಲುಗಾರರೇ,

ಪುಣೆಯ ಹಡಪಸರದ ನಮ್ಮ ಕನ್ನಡ ಓದುಕೂಟದಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ತಮಗೆ ಕಳುಹಿಸುವ ಪತ್ರವಿದು. ಆದ್ದರಿಂದ ಮೊದಲು ನೆರೆದವರಿಗೆಲ್ಲ ನಮಸ್ಕಾರ. ಚಾಪೆ ಹಾಸಿ ಚಹಾ ಕಾಸಿಕೊಟ್ಟ ಹಿರಿಯ ದಂಪತಿ ಸಿದ್ರಾಮಪ್ಪ ಮತ್ತು ಶಿವಕಾಂತಾ ಅವರಿಗೆ ಕೃತಜ್ಞತೆ. ಬಳಿಕ, ಎರಡು ಬಗೆಯ ಫೋನುಗಳ ಎರಡು ಆ್ಯಪ್ ಅಂಗಡಿಗಳ ಬಾಗಿಲು ಕಾಯುವ ತಮ್ಮಿಬ್ಬರಿಗೂ ಸಾಷ್ಟಾಂಗ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಮರಾಠಿ ಓದುತ್ತಾರೆ. ಅವರಿಗಾಗಿ ಕೂಟದ ಅನುಜಾ ಮತ್ತು ಸ್ವಪ್ನಿಲ್ ತಮ್ಮ ಕಾಲೇಜು ರಜೆಯನ್ನೆಲ್ಲ ಸುರಿದು ಒಂದು ಆ್ಯಪ್ ಕಟ್ಟಿದ್ದಾರೆ. ಅದರಲ್ಲಿ ಕೂಟದ ಹಿರಿಯರಾದ ಕಲ್ಲವ್ವಜ್ಜಿ ಹೇಳಿದ ಕನ್ನಡ ಕತೆ, ಮಕ್ಕಳು ಮರಾಠಿಗೆಂದು ಕಲಿತ ದೇವನಾಗರಿ ಅಕ್ಷರಗಳಲ್ಲಿ ಆರಂಭವಾಗುತ್ತದೆ. ಒಂದೊಂದು ಕತೆಗೆ ನಾಲ್ಕಾರರಂತೆ ಕನ್ನಡ ಅಕ್ಷರಗಳು ನುಸುಳಿ, ಹತ್ತನೆಯ ಕತೆಯ ಹೊತ್ತಿಗೆ ಮಗು ತನಗರಿವಿಲ್ಲದೆ ಪೂರ್ತಿ ಕನ್ನಡ ಲಿಪಿಯನ್ನೇ ಓದುತ್ತಿರುತ್ತದೆ. ನಮ್ಮ ಮನೆಗಳಲ್ಲಿ ಎರಡೂ ಬಗೆಯ ಫೋನುಗಳಿರುವುದರಿಂದ ತಮ್ಮಿಬ್ಬರ ಕೃಪೆಯೂ ಬೇಕು.

ದುಬಾರಿ ಫೋನಿನ ಕಾವಲುಗಾರರೇ, ತಮ್ಮ ಅಂಗಡಿಯ ಸರಕು ತೊಳೆದಿಟ್ಟ ಲೋಟದಂತೆ ಹೊಳೆಯುತ್ತದೆ, ಮಾಲೀಕನ ಗೊರಕೆ ಅಳೆಯುವ ಆ್ಯಪ್ ಕೂಡ. ನಮ್ಮದನ್ನು ಮಾತ್ರ ತಾವು ಮೂರು ಸಲ ಹಿಂದಿರುಗಿಸಿ, ಇದು ತಪ್ಪುಗಳಿಂದ ತುಂಬಿದ ಮರಾಠಿ ಎಂದು ಕಾರಣ ಬರೆದಿರಿ. ಕೇಳಿದ ಕಲ್ಲವ್ವಜ್ಜಿ, “ಯವ್ವಾ, ಹುಟ್ಟಿದಾಗಿಂದ ನಾ ಆಡಿದ್ದು ಮರಾಠಿ ಅಂತ ಯಾರೂ ಹೇಳಲೇ ಇಲ್ಲಲ್ಲ! ಲಗ್ನಾಗಿ ಪುಣೆಕ್ಕ ಬಂದಾಗ ಕಾಯಿಪಲ್ಯಾ ಕೊಳ್ಳಾಕ ಸುಮ್ನ ಒದ್ದಾಡಿದ್ನಿ” ಎಂದು ಹಣೆ ಬಡಿದುಕೊಂಡರು.

ಅಗ್ಗದ ಫೋನಿನ ಕಾವಲುಗಾರರೇ, ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ಚಹಾ ಆರುವುದರೊಳಗೆ ನಮ್ಮನ್ನು ಒಳಗೆ ಬಿಟ್ಟಿರಿ, ಟಾರ್ಚು ಹೊತ್ತಿಸುವ ನಲವತ್ತು ಆ್ಯಪ್‌ಗಳ ಹಿಂದೆ ನಿಲ್ಲಿಸಿದಿರಿ. ಕತೆ ಹುಡುಕಲು ಬಂದ ಎಪ್ಪತ್ತೊಂದರ ಸಿದ್ರಾಮಪ್ಪನವರಿಗೆ ತಾವು ಮದುವೆ ಜಾಹೀರಾತಿನ ಮೂವರು ವಧುಗಳನ್ನು ತೋರಿಸಿದಾಗ, ಶಿವಕಾಂತಾ ಅವರು “ಒಪ್ಪಿದ್ರ ಹೇಳ್ರಿ, ರೊಟ್ಟಿ ಬಡಿಯಾಕ ಬರ್ತದೇನು ಅಂತ ನಾನ ಕೇಳ್ತೇನಿ” ಎಂದದ್ದನ್ನು ತಮ್ಮ ಸೇವೆಗೆ ಸಂದ ಪ್ರಶಂಸೆಯೆಂದೇ ತಿಳಿಯುವುದು.

ನಗುತ್ತ ಬರೆದರೂ ನನಗೆ ಒಂದು ಅಳುಕಿದೆ. ಮೊನ್ನೆ ಅನುಜಾ, “ಸರ್, ಇದನ್ನ ಬಿಟ್ಟಬಿಡೂಣ್ರಿ. ಇಂಗ್ಲಿಷಿನ್ಯಾಗ ಒಂದ ಕ್ಯಾಲ್ಕುಲೇಟರ್ ಮಾಡಿದ್ರ ಎರಡೂ ಕಡೆ ನಡೀತದ” ಎಂದಳು. ಅವಳು ಆ ಕ್ಯಾಲ್ಕುಲೇಟರ್ ಮಾಡದಿರಲೆಂದು ಕೇಳಿಕೊಳ್ಳುತ್ತೇನೆ: ದಯವಿಟ್ಟು ಒಂದು ವಾರ ತಾವಿಬ್ಬರೂ ಬಾಗಿಲು ಬದಲಾಯಿಸಿಕೊಳ್ಳಿ, ಒಂದು ಕಡೆ ನಮಗೆ ದಾರಿಯಾದೀತು, ಇನ್ನೊಂದು ಕಡೆ ಕಸ ಹೊರಗುಳಿದೀತು; ಇಲ್ಲವೇ ನಮ್ಮ ಚಾಪೆಯ ಮೇಲೆ ಕುಳಿತು ಹತ್ತೂ ಕತೆ ಓದಿ, ಪಾಸಾದರೆ ಅಜ್ಜಿಯೇ ಶೇಂಗಾ ಉಂಡಿ ಕೊಡುತ್ತಾರೆ.

ತಮ್ಮ ಒಪ್ಪಿಗೆ ಬರುವವರೆಗೆ ಮಕ್ಕಳ ವಯಸ್ಸು ನಿಲ್ಲುವುದಿಲ್ಲ. ಅನುಜಾ, ಸ್ವಪ್ನಿಲ್, ಇಲ್ಲಿರುವ ಫೋನುಗಳಿಗೆ ನಿಮ್ಮ ಕೈಯಾರೆ ಆ್ಯಪ್ ಹಾಕಿಕೊಡಿ. ಹಾಗೆ ಹಾಕಲು ಬಿಡದ ದುಬಾರಿ ಫೋನಿನವರು ಪಕ್ಕದವರದರಲ್ಲಿ ಇಣುಕಿ ಓದಲಿ. ಲ್ಯಾಪ್‌ಟಾಪ್ ತೆರೆಯಿರಿ, ಇಂದೇ ಶುರು ಮಾಡೋಣ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಾರ್ತಾಂಡ

ತಾ.ಕ.: ಅನುಭವ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ ಎಂದು ತಮ್ಮಿಬ್ಬರಿಂದಲೂ ವಿಚಾರಣೆ ಬಂದಿದೆ. ಅನುಜಾ ಇಬ್ಬರಿಗೂ ಸೇರಿಸಿ ಒಂದು ನಕ್ಷತ್ರ ಕೊಟ್ಟಿದ್ದಾಳೆ. ಹಿಡಿಸದಿದ್ದರೆ ಹಿಂದಿರುಗಿಸಬಹುದು, ಮೂರು ಸಲದವರೆಗೆ ನಮಗೆ ಅಭ್ಯಾಸವಿದೆ.