ನಾಲ್ಕು ತಾಲೂಕಿನ ಕಾಫಿ ಕಾಕಾ

ನನ್ನ ಕಾಕಾನ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಸಾಕು, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನ ಕಿರಾಣಿ ಅಂಗಡಿಯವರು ಒಂದೋ ಊಟಕ್ಕೆ ಹೋಗಿರುತ್ತಿದ್ದರು, ಇಲ್ಲವೇ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ಕಾಕಾ ಪೊಲೀಸನಲ್ಲ, ತೆರಿಗೆ ಇಲಾಖೆಯವನೂ ಅಲ್ಲ. ಅವನು ಕಾಫಿ ಪುಡಿ ಮಾರುತ್ತಿದ್ದ! ಹುಟ್ಟಿದ ಕೂಸಿಗೆ ಹಾಲು ಬಿಡಿಸಿದ ಮರುದಿನವೇ ಚಹಾ ಕುಡಿಸುವ ನಮ್ಮ ಸೀಮೆಯಲ್ಲಿ ಹನ್ನೊಂದು ವರ್ಷ ಕಾಫಿ ಮಾರಿದ ಮನುಷ್ಯನನ್ನು ಏನೆಂದು ಕರೆಯಬೇಕು? ಶೂರ ಎನ್ನಬಹುದು. ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಬೇರೆ ಶಬ್ದ ಬಳಸುತ್ತಿದ್ದಳು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಕಂಪನಿ ಬೆಂಗಳೂರಿನದು. ಅದರ ನಕಾಶೆಯಲ್ಲಿ ನಮ್ಮ ನಾಲ್ಕು ತಾಲೂಕು ‘ಖಾಲಿ ಬಿದ್ದ ಮಾರುಕಟ್ಟೆ’ಯಾಗಿ ಕಂಡವಂತೆ. ಯಾಕೆ ಖಾಲಿ ಬಿದ್ದಿದೆ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಪ್ರತಿ ಸೋಮವಾರ ಮುಂಜಾನೆ ಕಾಕಾನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಹೊಸ ಮಾರಾಟ ತಂತ್ರ ಬಂದು ಬೀಳುತ್ತಿತ್ತು. ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಮೇಲಾಗಿ ಪಕ್ಕದ ಮನೆಯವಳು. ಹಾಗಾಗಿ ಓದಿ ಹೇಳುವ ಕೆಲಸ ನನ್ನದು. ನಾನು ಹೇಳಿದ್ದನ್ನು ಅಕ್ಷರಶಃ ಮಾಡುವ ಕೆಲಸ ಅವನದು. ಎಲ್ಲ ತೊಂದರೆಯೂ ಆ ಅಕ್ಷರಶಃದಲ್ಲಿಯೇ ಇತ್ತು.

ಒಮ್ಮೆ ‘ಸರಕು ಗಿರಾಕಿಯ ಕಣ್ಣಿನ ಮಟ್ಟದಲ್ಲಿರಲಿ’ ಎಂಬ ಅಪ್ಪಣೆ ಬಂತು. ಕಾಕಾ ದರ್ಜಿಯ ಟೇಪು ತೆಗೆದುಕೊಂಡು ಹಿರೇಕೆರೂರು ತಾಲೂಕಿನ ಹಂಸಭಾವಿಯ ಒಂದು ಅಂಗಡಿಯ ಮುಂದೆ ನಿಂತ. ಉಪ್ಪಿಗೆ ಬಂದವರು, ಬೆಲ್ಲಕ್ಕೆ ಬಂದವರು, ಸುಮ್ಮನೆ ದಾರಿ ಕೇಳಲು ಬಂದವರು, ಎಲ್ಲರ ಎತ್ತರವನ್ನೂ ನೆಲದಿಂದ ಕಣ್ಣಿನವರೆಗೆ ಅಳೆದ. ಸರಾಸರಿ ತೆಗೆದು ಪಾಕೀಟುಗಳ ಸರವನ್ನು ತೂಗುಬಿಟ್ಟ. ಅದು ಸರಿಯಾಗಿ ಅಂಗಡಿಯವನ ಮೂಗಿನ ಮುಂದೆ ಬಂದು ನಿಂತಿತು.

“ನನಗ ಗಿರಾಕಿ ಕಾಣವಲ್ರು, ಗಿರಾಕಿಗೆ ನಾ ಕಾಣವಲ್ಲೆ. ಯಾಪಾರ ಯಾರು ಮಾಡಬೇಕ್ರಿ, ಈ ಪಾಕೀಟ?” ಎಂದು ಸರದ ಹಿಂದಿನಿಂದ ಧ್ವನಿ ಬಂತಂತೆ.

ಇನ್ನೊಮ್ಮೆ ‘ಪರಿಮಳವೇ ಜಾಹೀರಾತು’ ಎಂದು ಬರೆದಿದ್ದರು. ಕಾಕಾ ಹಾನಗಲ್ ಬಸ್ ನಿಲ್ದಾಣದಲ್ಲಿ ಸ್ಟೋವು ಹಚ್ಚಿ, ಇಷ್ಟು ದೊಡ್ಡ ಪಾತೇಲಿಯಲ್ಲಿ ಕಾಫಿ ಕುದಿಸಿದ. ಪರಿಮಳವೇನೋ ಎದ್ದಿತು. ಆದರೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಮೂಗರಳಿಸಿ, “ಏ, ಏನೋ ಸುಡಾಕತ್ತೈತಿ! ಇಂಜಿನ್ ನೋಡ್ರೆಪಾ!” ಎಂದು ಕೂಗಿಬಿಟ್ಟ. ಜನರೆಲ್ಲ ಇಳಿದರು. ಡ್ರೈವರ್ ಬಾನೆಟ್ ಎತ್ತಿದ. ನಿಜಸಂಗತಿ ತಿಳಿದ ಮೇಲೆ ಕಾಕಾ ಸಮಾಧಾನಕ್ಕೆಂದು ಎಲ್ಲರಿಗೂ ಒಂದೊಂದು ಕಪ್ಪು ಪುಕ್ಕಟೆ ಕೊಟ್ಟ. ಅಜ್ಜನೊಬ್ಬ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು ಕೇಳಿದ: “ಇದನ್ನ ಊಟಕ್ಕ ಮದಲ ತಗೋಬೇಕೋ, ಊಟ ಆದಮ್ಯಾಲೋ?”

ಶಿಗ್ಗಾವಿಯ ಕಥೆ ಇನ್ನೂ ಚೆಂದ. ದೊಡ್ಡ ಪಾಕೀಟಿನ ಜೊತೆ ಸ್ಟೀಲ್ ಚಮಚ ಉಚಿತ ಎಂದು ಕಂಪನಿ ಸಾರಿತು. ಅಲ್ಲಿಯ ಅಂಗಡಿಯವನು ಜಾಣ. ಹೊರಗೆ ಫಲಕ ಬರೆಸಿದ: ‘ಸ್ಟೀಲ್ ಚಮಚ ಕೊಂಡವರಿಗೆ ಕಾಫಿ ಪುಡಿ ಉಚಿತ!’ ಕಾಕಾ ಅದರ ಫೋಟೋ ತೆಗೆದು ಕಂಪನಿಗೆ ಕಳಿಸಿದ. ಕನ್ನಡ ಓದಲು ಬಾರದ ಅಲ್ಲಿಯ ಸಾಹೇಬರು ಹೆಬ್ಬೆರಳು ಎತ್ತಿ ಶಹಬ್ಬಾಸ್ ಹೇಳಿದರು.

ನೀವು ನಗುತ್ತೀರಿ. ನಾನೂ ನಕ್ಕವಳೇ. ನಗು ನಿಂತದ್ದು ಚಿಗವ್ವನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ, ಕಂಪನಿ ಕೊಟ್ಟಿದ್ದ ವಿಮೆಯ ಕಾರ್ಡು ತೋರಿಸಿ ಚಿಕಿತ್ಸೆ ಶುರುವಾಯಿತು. ನೌಕರಿ ಇರುವವರೆಗೆ ಕಾರ್ಡು, ಪುಡಿ ಖರ್ಚಾಗುವವರೆಗೆ ನೌಕರಿ. ಕಾಕಾ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವನ ಹುಚ್ಚು ಇಮ್ಮಡಿಯಾಯಿತು. ಒಳಗೆ ಚಿಗವ್ವನ ಕೈಗೆ ಹನಿಹನಿಯಾಗಿ ಔಷಧ ಇಳಿಯುತ್ತಿದ್ದರೆ, ಇವನು ಮಂಚದ ಪಕ್ಕದಲ್ಲೇ ನಿಂತು ಅಂಗಡಿಯವರಿಗೆ ಫೋನು ಹಚ್ಚುತ್ತಿದ್ದ.

“ನನ್ನ ಜೀವ ಹೋದ್ರೂ ಅಂಗಡ್ಯಾವ್ರಿಗೆ ಫೋನ್ ಮಾಡೂದು ಬಿಡಾಂಗಿಲ್ಲ ನೀವು,” ಎಂದಳು ಚಿಗವ್ವ.

“ನಿನ್ನ ಜೀವ ಉಳೀಲಿ ಅಂತನ ಮಾಡಾಕತ್ತೇನಿ,” ಎಂದ ಕಾಕಾ.

ತಮಾಷೆ ಮಾಡಲು ಹೋಗಿದ್ದರು ಇಬ್ಬರೂ. ಯಾರಿಗೂ ನಗು ಬರಲಿಲ್ಲ.

ಅಂಥ ಹೊತ್ತಿನಲ್ಲಿ ಸವಣೂರು ಕೈಹಿಡಿಯಿತು! ಅಲ್ಲಿ ಕಾಕಾ ‘ಚಾಚಾ’ ಎಂದು ಕರೆಯುವ ವಯಸ್ಸಾದ ಮುಸ್ಲಿಂ ವ್ಯಾಪಾರಿಯೊಬ್ಬರ ಕಿರಾಣಿ ಅಂಗಡಿ ಇದೆ. ಅಲ್ಲಿಂದ ತಿಂಗಳಿಗೊಮ್ಮೆಯೂ ಬಾರದ ಬೇಡಿಕೆ ವಾರವಾರವೂ ಬರತೊಡಗಿತು. ಒಂದು ಪೆಟ್ಟಿಗೆ, ಎರಡು ಪೆಟ್ಟಿಗೆ, ಮುಂದೆ ನಾಲ್ಕು. ಯಾಕೆ ಎಂದು ಕಾಕಾ ಕೇಳಲಿಲ್ಲ. ಬರುವ ಭಾಗ್ಯವನ್ನು ಯಾರಾದರೂ ತಡೆದು ವಿಚಾರಿಸುತ್ತಾರೆಯೇ? ಆದರೆ ಕಂಪನಿ ವಿಚಾರಿಸಿತು. ಬೆಂಗಳೂರಿನಿಂದ ಒಬ್ಬ ತರುಣ ಮ್ಯಾನೇಜರ್ ಕಾರು ಮಾಡಿಕೊಂಡು ಬಂದೇಬಿಟ್ಟ. ಭಾನುವಾರವಾದ್ದರಿಂದ ನಾನೂ ಜೊತೆಗೆ ಹೋದೆ. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುಮಗನಂತೆ ಹೊರಟಿದ್ದ.

“ಟೀ ಕುಡಿಯೋ ಊರಲ್ಲಿ ಇಷ್ಟೊಂದು ಸೇಲ್ ಹೇಗಾಯ್ತು ಅಂತ ನಮಗೆಲ್ಲ ಆಶ್ಚರ್ಯ ಸರ್. ಇದನ್ನ ಬೇರೆ ಜಿಲ್ಲೆಯವರಿಗೂ ಕಲಿಸಬೇಕು,” ಎಂದ ಮ್ಯಾನೇಜರ್. ಅಂಗಡಿ ತಲುಪಿದ ಕೂಡಲೇ ಚಾಚಾ ಅವರನ್ನು ಕೇಳಿದ: “ಇಲ್ಲಿ ನಮ್ಮ ಕಾಫಿ ಯಾರು ಜಾಸ್ತಿ ಕುಡೀತಾರೆ?”

“ಕುಡಿಯೂದಾ?” ಚಾಚಾ ಗಾಬರಿಯಾದರು. “ಯಾ ಅಲ್ಲಾ! ಇದನ್ನ ಯಾರರ ಕುಡೀತಾರೇನ್ರಿ?” ಎಂದವರೇ ತಲೆಯ ಮೇಲಿನ ಟೋಪಿ ತೆಗೆದು ಬಗ್ಗಿ ತೋರಿಸಿದರು. “ಮೆಹಂದಿ ಜೋಡಿ ಕಲಿಸಿ ಹಚ್ಚತೇವಿ. ಬಣ್ಣ ಹೆಂಗ ಹಿಡದೈತಿ ನೋಡ್ರಿ! ಊರ ತುಂಬ ಈಗ ಬಿಳೀ ಕೂದಲ ಹುಡಿಕಿದ್ರೂ ಸಿಗಾಂಗಿಲ್ಲ.”

ನಿಜಕ್ಕೂ ಚೆಂದದ ಬಣ್ಣ. ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತಿತ್ತು. ಮ್ಯಾನೇಜರ್ ಬಹಳ ಹೊತ್ತು ಆ ತಲೆಯನ್ನೇ ನೋಡಿದ. ಕಾಕಾ ಮುಂದೆ ಬಂದು ಕೈಜೋಡಿಸಿದ. “ಸಾಹೇಬ್ರ, ಹೊಟ್ಟಿ ಒಳಗ ಹೋದ್ರೇನು, ತಲಿ ಮ್ಯಾಲ ಹೋದ್ರೇನು? ಪುಡಿ ಖರ್ಚ ಆತಿಲ್ಲರಿ?”

“ನಮ್ಮದು ಕುಡಿಯೋ ಬ್ರ್ಯಾಂಡ್ ಸರ್,” ಎಂದ ಮ್ಯಾನೇಜರ್. ಸಿಟ್ಟಿನಿಂದಲ್ಲ, ಮೆಲ್ಲಗೆ. ಸಿಟ್ಟು ಮಾಡಿದ್ದರೆ ಕಾಕಾನಿಗೆ ಜಗಳವಾಡಲು ಆಸ್ಪದವಿರುತ್ತಿತ್ತು.

ಮುಂದಿನ ಸೋಮವಾರದ ಸಂದೇಶದಲ್ಲಿ ತಂತ್ರವಿರಲಿಲ್ಲ. ನಾಲ್ಕೂ ತಾಲೂಕಿನಲ್ಲಿ ವ್ಯಾಪಾರ ಮುಚ್ಚುತ್ತಿದ್ದೇವೆ, ಇಷ್ಟು ವರ್ಷದ ಸೇವೆಗೆ ಧನ್ಯವಾದಗಳು, ಈ ತಿಂಗಳಾಂತ್ಯಕ್ಕೆ ಕಾರ್ಡು ಹಿಂತಿರುಗಿಸಬೇಕು ಎಂದಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ತಪ್ಪು ಅನುವಾದ ಮಾಡಿದೆ. “ಸದ್ಯಕ್ಕ ನಿಲ್ಲಸ್ಯಾರಂತ ಕಾಕಾ,” ಎಂದೆ.

ಅವನು ನನ್ನ ಮುಖ ನೋಡಿದ. “ಅವರು ಅಷ್ಟುದ್ದ ಬರದಾರ. ನೀ ಎರಡ ಮಾತಿನ್ಯಾಗ ಮುಗಿಸಿದೆಲ್ಲವಾ,” ಎಂದ.

ಸುದ್ದಿ ತಿಳಿದು ಚಾಚಾ ತಮ್ಮೂರಿನ ಹೆಸರಾದ ಕುರುಕಲು, ಸವಣೂರು ಖಾರದ ಪೊಟ್ಟಣ ಹಿಡಿದುಕೊಂಡು ಹಾನಗಲ್ಲಿಗೆ ಬಂದರು. ಪೊಟ್ಟಣವನ್ನು ಕಾಕಾನ ಕೈಗಿಟ್ಟು ಕಟ್ಟೆಯ ಮೇಲೆ ಕುಳಿತು, “ನಾ ಟೋಪಿ ತಗೀಬಾರದಿತ್ತು,” ಎಂದರು. “ಹಂಗ್ಯಾಕಂತೀರಿ ಚಾಚಾ, ಬಣ್ಣ ಭಾಳ ಛಲೋ ಬಂದಿತ್ತು,” ಎಂದ ಕಾಕಾ. ಇಬ್ಬರೂ ಚಹಾ ಕುಡಿದರು.

ಉಳಿದ ಚಿಕಿತ್ಸೆ ಸರಕಾರಿ ದವಾಖಾನೆಯಲ್ಲಿ, ಸರತಿ ಸಾಲಿನಲ್ಲಿ ನಿಂತು ನಡೆಯಿತು. ಡಾಕ್ಟರರು ಒಳ್ಳೆಯವರು. ಆದರೆ ರೋಗ ಅಷ್ಟು ಹೊತ್ತಿಗೆ ಬೆನ್ನಿನ ಎಲುಬಿಗೆ ಇಳಿದಿತ್ತು. ಕಾರ್ಡು ಇದ್ದಿದ್ದರೂ ಹೀಗೇ ಆಗುತ್ತಿತ್ತು ಎಂದು ಅವರೇ ಹೇಳಿದರು. ಕಾಕಾ ಅದನ್ನು ಇವತ್ತಿಗೂ ನಂಬಿಲ್ಲ. ಚಿಗವ್ವ ಹೋಗಿ ಈಗ ಎಂಟು ತಿಂಗಳು.

ನನಗೆ ಮರೆಯದೇ ಉಳಿದದ್ದು, ಅವಳನ್ನು ಮನೆಗೆ ಕರೆತಂದ ಮೇಲಿನ ಕೊನೆಯ ದಿನಗಳ ಒಂದು ಮಧ್ಯಾಹ್ನ. ನಾಲ್ಕು ದಿನದಿಂದ ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಂಜಿ, ಎಳನೀರು, ಮಜ್ಜಿಗೆ, ಎಲ್ಲವೂ ಅಷ್ಟೇ. ಚಹಾದ ವಾಸನೆ ಬಂದರೂ ವಾಂತಿ. “ಏನ್ ತಿಂದ್ರೂ ಅರಿವಿ ಅಗದಂಗ ಆಗ್ತೈತಿ, ರುಚಿನ ಇಲ್ಲ,” ಎನ್ನುತ್ತಿದ್ದವಳು ಅಂದು ಕಣ್ಣು ತೆರೆದು, “ನಿಮ್ಮದು ಆ ಕಾಫಿ ಒಂಚೂರು ಮಾಡ್ತೀರೇನ್ರಿ?” ಎಂದು ಕೇಳಿದಳು.

ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಕಾಫಿ ಕೇಳಿದ್ದು ಅದೇ ಮೊದಲು. ಕಾಕಾ ಒಳಗೆ ಓಡಿದ. ಬಸ್ ನಿಲ್ದಾಣದ ಮಂದಿಗೆಲ್ಲ ಕಾಫಿ ಕುದಿಸಿದವನು ಅಂದು ಒಂದು ಕಪ್ಪಿಗೆ ಹಾಲು ಎರಡು ಸಲ ಉಕ್ಕಿಸಿದ. ಕಪ್ಪಿನಿಂದ ಬಸಿಗೆ ಸುರಿದು ಆರಿಸಿ, ಮಂಚದ ಅಂಚಿಗೆ ನಿಂತು, ಅವಳ ತುಟಿಗೆ ಹಿಡಿದ. ಅವಳು ಒಂದು ಗುಟುಕು ಕುಡಿದಳು. ನಾನು ಬೋಗುಣಿ ಹಿಡಿದು ಕಾಯುತ್ತಿದ್ದೆ. ಏನೂ ಆಗಲಿಲ್ಲ. ಇನ್ನೊಂದು ಗುಟುಕು ಕುಡಿದಳು.

“ಕಹಿ ಐತಿ,” ಎಂದಳು. ತುಟಿ ನೆಕ್ಕಿಕೊಂಡು, “ಕಹಿ ಐತಿ ಅಂತರ ಗೊತ್ತಾತು. ಬಾಯಿ ಇನ್ನೂ ನಂದ ಐತಿ ಅನಸ್ತು,” ಎಂದಳು.

“ಇನ್ನೊಂದೀಟು ತರ್ತೇನಿ ತಡಿ,” ಎಂದು ಕಾಕಾ ಬಸಿ ಹಿಡಿದು ಹೊರಳಿದ. ಚಿಗವ್ವ ಅವನ ಅಂಗಿಯ ಚುಂಗು ಹಿಡಿದುಕೊಂಡಳು.

“ಆಮ್ಯಾಲ ತರೀರಂತ. ದಿನಾ ಹೋಗೂದ ಆತು ನಿಮ್ಮದು. ಒಂಚೂರು ಕುಂದರ್ರಿ.”

ಕಾಕಾ ಬಸಿಯನ್ನು ನೆಲದ ಮೇಲಿಟ್ಟು ಅವಳ ಪಕ್ಕದಲ್ಲಿ ಕುಳಿತ. ಅವನ ಫೋನು ರಿಂಗಾಯಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ನಾನು ಅದನ್ನೆತ್ತಿಕೊಂಡು ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ.