ಅದಕ್ಕೆ ಇದಾದರೆ ಇದಕ್ಕೆ ಯಾವುದು?

ನಮ್ಮ ಸೋದರಮಾವನ ಮನೆಗೆ ಹೋದವರಿಗೆ ಕಾಲು ತೊಳೆಯಲು ನೀರು ಸಿಗುವುದಕ್ಕೂ ಮುಂಚೆ ಒಂದು ಪ್ರಶ್ನೆ ಸಿಗುತ್ತಿತ್ತು. ಉತ್ತರ ಹೇಳದವರಿಗೆ ಊಟ ಇಲ್ಲವೇ? ಛೇ, ನಮ್ಮ ಮಾವ ಅಷ್ಟು ಕಟುಕರಲ್ಲ! ಊಟಕ್ಕೇನೋ ಕೂರಿಸುತ್ತಿದ್ದರು. ಆದರೆ ಪಲ್ಯ ಬಡಿಸುವಾಗ ಒಂದು ಸಲ, ಮಜ್ಜಿಗೆ ಬಡಿಸುವಾಗ ಒಂದು ಸಲ ಹತ್ತಿರ ಬಗ್ಗಿ, ‘ಹೊಳೀತಾ?’ ಎಂದು ಕೇಳಿ ತುತ್ತು ಗಂಟಲಲ್ಲೇ ನಿಲ್ಲುವಂತೆ ಮಾಡುತ್ತಿದ್ದರು. ನೆಂಟರಲ್ಲಿ ಹಲವರು ತಿಪಟೂರಿನ ತನಕ ಬಂದರೂ ಮಾವನ ಊರು ಹೊನ್ನವಳ್ಳಿ ಕಡೆ ತಲೆ ಹಾಕದೆ ಹಿಂದಿರುಗುತ್ತಿದ್ದುದು ಸುಮ್ಮನೆ ಅಲ್ಲ.

ಈ ರೋಗ ಅಂಟಿಕೊಂಡಿದ್ದು ಕಡ್ಲೆಪುರಿಯಿಂದ. ಬ್ಯಾಂಕ್ ಪರೀಕ್ಷೆ ಎಂದರೆ ಹುಡುಗರೆಲ್ಲ ಹುಚ್ಚೆದ್ದು ಓದುತ್ತಿದ್ದ ಕಾಲ ಅದು. ಅಂಥದೇ ಒಂದು ಗೈಡಿನ ಹಾಳೆಯಲ್ಲಿ ಸಂತೆಯ ಅಂಗಡಿಯವನು ಮಾವನಿಗೆ ಕಡ್ಲೆಪುರಿ ಕಟ್ಟಿಕೊಟ್ಟಿದ್ದ. ಹಕ್ಕಿಗೆ ಗೂಡಾದರೆ ಹುಲಿಗೆ ಯಾವುದು, ಕುಂಬಾರನಿಗೆ ಮಡಕೆಯಾದರೆ ಬಡಗಿಗೆ ಯಾವುದು ಎಂದು ಹಾಳೆಯ ತುಂಬ ಪ್ರಶ್ನೆಗಳು. ಕೆಳಗೆ, ‘ಉತ್ತರಗಳಿಗೆ ಕೊನೆಯ ಪುಟ ನೋಡಿ’ ಎಂದಿತ್ತು. ಕೊನೆಯ ಪುಟವೋ, ಇನ್ಯಾರದೋ ಕಡ್ಲೆಪುರಿಯ ಜೊತೆ ಇನ್ಯಾವುದೋ ಊರಿಗೆ ಹೋಗಿತ್ತು! ಮಾವ ಬಿಟ್ಟಾರೆಯೇ? ಮುಂದಿನ ಸಂತೆಗೂ ಅದೇ ಅಂಗಡಿ, ಅದರ ಮುಂದಿನ ಸಂತೆಗೂ ಅದೇ ಅಂಗಡಿ. ಮನೆಯಲ್ಲಿ ಕಡ್ಲೆಪುರಿ ರಾಶಿ ಬಿದ್ದು, ಕೊನೆಗೆ ಎಮ್ಮೆಯ ಬಾನಿಗೂ ಸುರಿದದ್ದಾಯಿತು. ಪುಟ ಮಾತ್ರ ಬರಲಿಲ್ಲ.

“ಉತ್ರ ತಗೊಂಡೋನು ಇಷ್ಟೊತ್ಗೆ ಪಾಸಾಗಿ ಮ್ಯಾನೇಜರ್ ಆಗಿರ್ತಾನೆ ಬುಡ್ರಿ” ಎಂದರು ನಮ್ಮತ್ತೆ.

ಮಾವನ ಪ್ರಶ್ನೆಗಳಿಗೆ ಆ ಊರಿನಲ್ಲಿ ಹೆದರದೆ ಇದ್ದವರು ಅತ್ತೆ ಒಬ್ಬರೇ. ನಾನು ಅವರ ಮನೆಯಲ್ಲೇ ಇದ್ದುಕೊಂಡು ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದೆನಾದ್ದರಿಂದ ಇಬ್ಬರ ಜುಗಲ್‌ಬಂದಿಯನ್ನು ಪುಕ್ಕಟೆ ನೋಡುವ ಭಾಗ್ಯ ನನ್ನದಾಯಿತು.

ಉತ್ತರದ ಪುಟ ಸಿಗದಿದ್ದ ಮೇಲೆ ಮಾವ ತಮ್ಮದೇ ಶಾಸ್ತ್ರ ಕಟ್ಟಿದರು. ಒಂದು ಪದಕ್ಕೆ ಒಂದೇ ಅರ್ಥ ಎಂದು ನಂಬಿದವನು ಕೆಟ್ಟ, ಇದು ಮೊದಲನೆಯ ಸೂತ್ರ. ಪದ ಹೆಸರಾಗಿ ಕೂತಿದೆಯೋ, ಕೆಲಸಕ್ಕೆ ಎದ್ದಿದೆಯೋ ನೋಡಬೇಕು, ಇದು ಎರಡನೆಯದು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಬಾವಿಗೆ ನೀರು, ಹೊಲಕ್ಕೆ ಬೆಳೆ, ಹಂಗಾದರೆ ನಿನಗೆ ಯಾವುದು ಎಂದು ಕೇಳಿದರು. ನಾನು ವಿದ್ಯೆ ಎಂದೆ, ಬುದ್ಧಿ ಎಂದೆ, ಸಾಲದೆ ಬಂದಾಗ ಗಂಡ ಎಂದೂ ಅಂದೆ. ಮಾವ ತಲೆಯಾಡಿಸಿದರು.

“ನಿಂಗೂ ಬೆಳೆ ಅಂತ್ಲೇ ಕಣವ್ವ. ಹೊಲಕ್ಕೆ ನಾಮಪದ, ನಿಂಗೆ ಕ್ರಿಯಾಪದ. ಇನ್ನೊಂದು ಗೇಣು ಬೆಳೆ.”

ನಾನು ಕುಳ್ಳಿ ಎನ್ನುವುದನ್ನು ವ್ಯಾಕರಣದ ಮೂಲಕ ಹೇಳಿದವರು ಪ್ರಪಂಚದಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಕಾಯಿ ಕೀಳುವ ಆಳು ಮರದ ತುದಿ ಮುಟ್ಟಿದ ಮೇಲೆ ಕೆಳಗಿನಿಂದ ಪ್ರಶ್ನೆ ಎಸೆಯುವುದು ಅವರ ಇನ್ನೊಂದು ಚಾಳಿ. ಕುಣಿಯುವ ಗರಿ ನವಿಲಿನದಾದರೆ ಕುಣಿಯದ ಗರಿ ಯಾರದು ಎಂದು ಕೇಳಿದರು ಒಂದು ದಿನ. ಪಾಪ, ಅವನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯೋಚನೆಗೆ ಕೂತೇಬಿಟ್ಟ. ಕಾಯಿಯೂ ಬೀಳಲಿಲ್ಲ, ಉತ್ತರವೂ ಬೀಳಲಿಲ್ಲ. ಕೋಳಿ ಎಂದ, ಕಾಗೆ ಎಂದ, ತಾನು ತಬ್ಬಿಕೊಂಡು ಕೂತಿದ್ದ ತೆಂಗಿನ ಮರ ಮಾತ್ರ ಅವನಿಗೆ ಹೊಳೆಯಲಿಲ್ಲ! ಅತ್ತೆ ಬಂದು ಮಾವನನ್ನು ಒಳಗೆ ಕರೆದುಕೊಂಡು ಹೋದ ಮೇಲೆಯೇ ಕೊಯ್ಲು ಮುಂದುವರಿದದ್ದು.

ಬಸ್ಸಿನಲ್ಲೂ ಇದೇ ಕಥೆ. ಕಿಬ್ಬನಹಳ್ಳಿಯಲ್ಲಿ ಹತ್ತಿದ ಮಾವ, ತಲೆಗೆ ಟೋಪಿಯಾದರೆ ಸೀಟಿಗೆ ಏನು ಎಂದು ಕಂಡಕ್ಟರನ್ನು ಕೇಳಿದರು. ಅವನು ತಲೆಯನ್ನೂ ಎತ್ತದೆ, “ಟವಲ್ಲು. ಟಿಕೆಟ್ ತಗೊಳ್ರೀ” ಎಂದ. ಅವತ್ತೆಲ್ಲ ಮಾವನ ಮುಖ ಬಾಡಿತ್ತು.

ಅವರ ಹೆಮ್ಮೆಯ ಪ್ರಶ್ನೆ ಎಂದರೆ ಹಪ್ಪಳದ್ದು. ಸುಣ್ಣಕ್ಕೆ ಬಿಳಿ, ಹಪ್ಪಳಕ್ಕೆ? ಊರಿನ ಮೇಷ್ಟ್ರೇ ಸೋತು ಕೈಚೆಲ್ಲಿದ ಪ್ರಶ್ನೆ! ಉತ್ತರ ‘ಕರಿ’ ಎಂದು ಮಾವ ಘೋಷಿಸಿದಾಗ ಮೇಷ್ಟ್ರು ಒಪ್ಪಲಿಲ್ಲ. ಸುಣ್ಣದ ಬಣ್ಣ ಬಿಳಿ ಸರಿ, ಹಪ್ಪಳದ ಬಣ್ಣ ಕರಿಯಲ್ಲವಲ್ಲ ಎಂದು ವಾದ ಹೂಡಿದರು. ಬಣ್ಣವಲ್ಲ ಸ್ವಾಮಿ, ಎಣ್ಣೆಯಲ್ಲಿ ಕರಿಯುವ ಕ್ರಿಯಾಪದ ಎಂದು ಮಾವ ಎದೆಯುಬ್ಬಿಸಿದರು. ಒಲೆಯ ಮುಂದೆ ಕೂತಿದ್ದ ಅತ್ತೆ, “ನಿಮ್ಮ ಮಾತು ಕೇಳ್ಕೊಂಡು ಕೂತ್ರೆ ಎರಡು ಅರ್ಥವೂ ಬತ್ತದೆ” ಎನ್ನುತ್ತ ಬಾಣಲೆಯಿಂದ ಸೀದ ಹಪ್ಪಳವನ್ನು ಎತ್ತಿ ತೋರಿಸಿದರು.

ಅಂಥ ಅತ್ತೆಗೆ, ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ, ಲಕ್ವ ಹೊಡೆಯಿತು.

ಜೀವಕ್ಕೆ ಅಪಾಯವಾಗಲಿಲ್ಲ. ಬಲಗೈ ಸೋತಿತು, ಬಾಯಿ ಒಂದು ಕಡೆಗೆ ವಾಲಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೀರು ಬೇಕಾದರೂ ನೀರು ಎನ್ನಲು ಬಾರದೆ, ತುಟಿ ಆಡಿಸಿ ಆಡಿಸಿ ಅತ್ತುಬಿಡುತ್ತಿದ್ದರು. ಅಕ್ಕಪಕ್ಕದವರು, ಹೋಗಿದ್ದು ಕಿವಿಯೇನೋ ಎಂಬಂತೆ, ಕಿರುಚಿ ಮಾತಾಡಿಸುತ್ತಿದ್ದರು. ಯಾರೋ ನಾಲಿಗೆಗೆ ಬಜೆ ತೇಯ್ದು ಹಚ್ಚಲು ಹೇಳಿದರು, ಅದೂ ಆಯಿತು. ಮಾವ ಯಾರಿಗೂ ಪ್ರಶ್ನೆ ಕೇಳುವುದನ್ನು ಬಿಟ್ಟರು. ಆ ಮನೆಯಲ್ಲಿ ನನಗೆ ಓದಲು ಬೇಕಾದಷ್ಟು ನಿಶ್ಶಬ್ದ ಸಿಕ್ಕಿತು. ಯಾರಿಗೆ ಬೇಕಾಗಿತ್ತು ಅದು?

ಒಂದು ಮಧ್ಯಾಹ್ನ ಮಾವ ಅತ್ತೆಗೆ ಊಟ ಮಾಡಿಸುತ್ತಿದ್ದರು. ಅತ್ತೆಗೆ ಇನ್ನೇನೋ ಬೇಕಿತ್ತು, ಹೇಳಲು ಬರುತ್ತಿಲ್ಲ. ಮಾವ ಉಪ್ಪು ತೋರಿಸಿದರು, ನೀರು ತೋರಿಸಿದರು. ಕೊನೆಗೆ ಹಳೆಯ ಅಭ್ಯಾಸವೇ ಬಾಯಿಗೆ ಬಂದಿರಬೇಕು, “ರೊಟ್ಟಿಗೆ ಚಟ್ನಿ, ಮುದ್ದೆಗೆ?” ಎಂದರು.

“ಸಾರು” ಎಂದರು ಅತ್ತೆ.

ನಾನು ಸಾರಿನ ಪಾತ್ರೆ ತರಲು ಓಡಿದೆ. ನೇರವಾಗಿ ಕರೆದರೆ ಬಾರದ ಪದ, ಜೋಡಿ ಕರೆದರೆ ಬರುತ್ತಿತ್ತು! ಅವತ್ತಿನಿಂದ ಮಾವ ದಿನವೂ ಜಗಲಿಯ ಮೇಲೆ ಅತ್ತೆಯ ಎದುರು ಕೂತರು. ಸೂಜಿಗೆ ದಾರ, ಬಾವಿಗೆ? ಹಗ್ಗ. ಕಿವಿಗೆ ಓಲೆ, ಕೈಗೆ? ಬಳೆ. ಇಂಥ ಸಾದಾ ಪ್ರಶ್ನೆಗಳನ್ನು ಹಿಂದೆ ಅವರು ಮೂಸಿಯೂ ನೋಡುತ್ತಿರಲಿಲ್ಲ. ಈಗ ಒಂದೇ ಅರ್ಥದ, ಎಲ್ಲೂ ಎಡವದ ಪದಗಳನ್ನು ಆರಿಸಿ ಆರಿಸಿ, ಮಗುವಿಗೆ ತುತ್ತು ಕೊಡುವ ಹಾಗೆ ಕೊಡುತ್ತಿದ್ದರು.

ಆದರೆ ತಿಪಟೂರಿಗೆ ತೋರಿಸಲು ಹೋದಾಗ ಡಾಕ್ಟರು ಮಾವನ ಕಡೆ ಕೈ ಮಾಡಿ, ಇವರ ಹೆಸರು ಹೇಳಮ್ಮ ಎಂದರು. ಅತ್ತೆ ತಲೆ ತಗ್ಗಿಸಿದರು. ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ವಿಷಯ ತಿಳಿದ ನಮ್ಮಮ್ಮ, ಕಟ್ಟಿಕೊಂಡ ಗಂಡನನ್ನೇ ಮರೆತಳಲ್ಲ ಎಂದು ಅತ್ತರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ನಾನು ಸಮಾಧಾನ ಹೇಳಿದೆ. ಮಾವ ನನ್ನನ್ನು ಪಕ್ಕಕ್ಕೆ ಕರೆದರು.

“ಮದುವೆಯಾದಾಗ್ನಿಂದ ಒಂದ್ ಸಲಾನೂ ಹೇಳಿಲ್ಲ ಕಣವ್ವ. ಮರೆತವ್ಳೋ, ನಾಚ್ಕೋತವ್ಳೋ ನಂಗೆ ಹೆಂಗ್ ಗೊತ್ತಾಗ್ಬೇಕು?”

ಊರಿಗೆಲ್ಲ ಪ್ರಶ್ನೆ ಕೇಳಿದ ಮನುಷ್ಯ, ಈ ಒಂದನ್ನು ಕೇಳಲು ಹೆದರಿ ವಾರಗಟ್ಟಲೆ ಸುತ್ತು ಹಾಕಿದರು. ಹಗ್ಗ, ಬಳೆ, ಬೀಗ, ಬುತ್ತಿ ಎಲ್ಲವನ್ನೂ ಕೇಳುತ್ತಿದ್ದರು, ಅದರ ಹತ್ತಿರ ಬಂದೊಡನೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ಕೊನೆಗೊಂದು ಬೆಳಗ್ಗೆ ಕೇಳಿದರು. ನಾನು ಅತ್ತೆಯ ಜಡೆ ಹೆಣೆಯುತ್ತ ಹಿಂದೆ ಕೂತಿದ್ದೆ. ಮಾವ ಗಂಟಲು ಸರಿಮಾಡಿಕೊಂಡು, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

“ತೋಟಕ್ಕೆ ಬೇಲಿ, ಮನೆಗೆ ಬಾಗ್ಲು. ನಿಂಗೆ ನಾನು?”

ಅತ್ತೆ ಅವರನ್ನೇ ನೋಡಿದರು. ನಾನು ಜಡೆ ಹಿಡಿದುಕೊಂಡೇ ಪಕ್ಕಕ್ಕೆ ಬಗ್ಗಿ ಅತ್ತೆಯ ಮುಖ ನೋಡಿದೆ. ಆಮೇಲೆ, ಒಂದಕ್ಷರವೂ ತೊದಲದೆ, ಅತ್ತೆ ಹೇಳಿದರು:

“ತಲೆನೋವು.”

ಹೇಳಿ, ಅರ್ಧ ಬಾಯಲ್ಲಿ ನಕ್ಕರು. ಮಾವ ನಗಲು ಹೋಗಿ, ನಗಲಾಗದೆ, ತೋಳಿನಿಂದ ಕಣ್ಣು ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ನನ್ನ ಕಡೆ ತಿರುಗಿದರು.

“ಗುರ್ತು ಹಿಡಿದ್ಲು ಕಣವ್ವ, ನನ್ನ ಗುರ್ತು ಹಿಡಿದ್ಲು.”