ಮಿಕ್ಸರು, ಚಪ್ಪಲಿ ಮತ್ತು ಮಾಮ

ನಮ್ಮ ಯಜಮಾನರ ಸೋದರಮಾವನಷ್ಟು ಮಾತಿಗೆ ತಪ್ಪದವರು ಅಂಕೋಲಾ ತಾಲ್ಲೂಕಿನಲ್ಲೇ ಇಲ್ಲ. ‘ಬರ್ತೆ’ ಎಂದರೆ ಬಂದೇ ಬರುತ್ತಾರೆ. ಯಾವ ತಿಂಗಳು ಎಂದು ಮಾತ್ರ ಕೇಳಬಾರದು!

ಹಟ್ಟಿಕೇರಿಯ ಈ ಮಾಮ ಎಲೆಕ್ಟ್ರಿಷಿಯನ್. ಕಾರವಾರದ ನಮ್ಮ ಅಡುಗೆಮನೆಗೆ ಹೊಸ ವೈರಿಂಗ್ ಮಾಡಿಕೊಟ್ಟವರೂ ಅವರೇ. ಅದಾದ ವಾರಕ್ಕೇ ಮಿಕ್ಸರ್ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಬೇರೆಯವರನ್ನು ಕರೆಯೋಣವೆಂದರೆ ಇವರು ಅತ್ತೆಯ ಒಬ್ಬನೇ ತಮ್ಮ. ಸೊಸೆಗೆ ಶಾಕ್ ಹೊಡೆದರೂ ಸರಿ, ತಮ್ಮನಿಗೆ ಬೇಜಾರಾಗಬಾರದು!

ಫೋನ್ ಮಾಡಿದೆ.

“ಮಾಮ, ಎಲ್ಲಿದ್ದೀರಿ?”

“ಬಸ್ಸಲ್ಲೇ ಕೂತಿದ್ದೆ ಮಾರಾಯ್ತಿ, ಅಮದಳ್ಳಿ ದಾಟ್ತು!”

ಅವರ ಹಿಂದೆ ಎಮ್ಮೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬಸ್ಸಿನಲ್ಲಿ ಎಮ್ಮೆಗೂ ಸೀಟು ಕೊಡುತ್ತಾರೆಯೇ?

ಮೂರು ವಾರದ ಮೇಲೆ ಬಂದರು. ಮಿಕ್ಸರನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ, “ಇದು ಶಾಕ್ ಅಲ್ಲ, ಕಚಗುಳಿ. ರಬ್ಬರ್ ಚಪ್ಪಲಿ ಹಾಕ್ಕಂಡು ರುಬ್ಬು, ಎಂತಾ ಆಗೂದಿಲ್ಲ” ಎಂದು ಚಹಾ ಕುಡಿದು ಹೊರಟೇಬಿಟ್ಟರು.

ಅಡುಗೆಮನೆಯೊಳಗೆ ಚಪ್ಪಲಿ! ಅತ್ತೆ ಎರಡು ದಿನ ಅಡುಗೆಮನೆಗೇ ಕಾಲಿಡಲಿಲ್ಲ. ಮೂರನೆಯ ದಿನ ತಾವೇ ಪೇಟೆಗೆ ಹೋಗಿ ಹೊಸ ಹವಾಯಿ ಚಪ್ಪಲಿ ತಂದು, ತೊಳೆದು, ಅರಿಶಿನ ಕುಂಕುಮ ಹಚ್ಚಿ ಮಿಕ್ಸರಿನ ಬುಡದಲ್ಲಿಟ್ಟರು. “ಇದು ಬೀದಿ ಕಂಡದ್ದಲ್ಲ, ಇದಕ್ಕೆ ಮೈಲಿಗೆ ಇಲ್ಲ” ಎಂದು ತೀರ್ಪು ಬೇರೆ! ಪೂಜೆ ಮಾಡಿಸಿಕೊಂಡ ಹವಾಯಿ ಚಪ್ಪಲಿ ಇನ್ನಾರ ಮನೆಯಲ್ಲಿದೆ ಹೇಳಿ?

ಎರಡನೆಯ ಸಲ ಬಂದ ಮಾಮ ಏನೋ ಬಿಚ್ಚಿ ಏನೋ ಕಟ್ಟಿದರು. ಅಂದಿನಿಂದ ಮಿಕ್ಸರ್ ಹಾಕಿದರೆ ಟಿ.ವಿ. ಆರುತ್ತಿತ್ತು. ಧಾರಾವಾಹಿಯ ಸೊಸೆ ಅತ್ತೆಯ ಕಾಲಿಗೆ ಬೀಳಲು ಬಗ್ಗಿದ್ದಳು, ಅಷ್ಟರಲ್ಲಿ ನಾನು ಕಾಯಿ ರುಬ್ಬಿದೆ! ತಮ್ಮನ ಮೇಲೆ ಅತ್ತೆಗಿದ್ದ ಭರವಸೆ ಅಲ್ಲಿಗೆ ಮುಗಿಯಿತು.

“ಬಿಣಗಾದಲ್ಲಿ ಒಬ್ಬ ಇದ್ದಾನಂತೆ, ಕರೆಸು. ತಮ್ಮನಿಗೆ ಹೇಳೂದು ಬೇಡ.”

ಬಿಣಗಾದವನು ಬಂದ. ಸ್ವಿಚ್‌ಬೋರ್ಡ್ ಬಿಚ್ಚಿದವನೇ, “ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?” ಎಂದು ಕೂಗಿದ.

“ನಾನೇ” ಎಂಬ ಉತ್ತರ ಬಾಗಿಲಿನಿಂದ ಬಂತು. ಮಾಮ! ಕರೆದಾಗ ಬಾರದ ಮನುಷ್ಯ ಕರೆಯದೆ ಬಂದು ನಿಂತಿದ್ದರು! ನನಗಂತೂ ಮಿಕ್ಸರಿನ ಜಾರಿನೊಳಗೇ ಇಳಿದುಬಿಡೋಣವೆನಿಸಿತು.

ಮಾಮ ಸಿಟ್ಟಾಗಲಿಲ್ಲ. “ಅರ್ಥಿಂಗ್ ಮೊದಲು ನೋಡಪ್ಪ” ಎಂದು ತಮ್ಮ ಟಾರ್ಚ್ ಹಿಡಿದು, ಕೆಲಸ ಮುಗಿಯುವವರೆಗೂ ಅವನ ಪಕ್ಕದಲ್ಲೇ ನಿಂತರು. ಅವನು ಹೋದ ಮೇಲೆ ಮೆಲ್ಲಗೆ ಕುಳಿತುಕೊಂಡರು.

“ಬೇರೆಯವರನ್ನ ಕರೆಸಿ ಅಂತ ಹೇಳೂಕೇ ಬಂದಿದ್ದೆ ಅಕ್ಕಾ. ಒಂದು ವರ್ಷ ಆಯ್ತು, ಕಣ್ಣು ಮಂಜು. ಕೆಂಪು ವಾಯರು, ಕಪ್ಪು ವಾಯರು ಒಂದೇ ಕಾಣ್ತದೆ. ಹೇಳಿದ್ರೆ ಯಾರು ಕೆಲಸ ಕೊಡ್ತಾರೆ? ನಿನ್ನ ಮನೆಗೆ ಬರೂದಂದ್ರೆ ಕಾಲೇ ಏಳ್ತಿರಲಿಲ್ಲ. ನನ್ನ ಕೈಯಿಂದ ನಿಮಗೇ ಏನಾದ್ರೂ ಆದ್ರೆ?”

ಇಷ್ಟು ದಿನ ಊರಿಗೆಲ್ಲ ಅವರ ಕತೆ ಹೇಳಿ ನಗಿಸಿದವಳು ನಾನು.

“ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೂದು. ಈಗ ಊಟಕ್ಕೆ ಕೂತ್ಕೊ” ಎಂದರು ಅತ್ತೆ, ಅಷ್ಟೇ. ಬಡಿಸಿದ ಮೇಲೆ ತಮ್ಮನ ಪಕ್ಕದಲ್ಲೇ ಕುಳಿತು, ಅವರ ತಟ್ಟೆಯ ಬಾಂಗಡೆ ಮೀನಿನಿಂದ ಒಂದೊಂದೇ ಮುಳ್ಳು ಬಿಡಿಸಿ ತೆಗೆಯತೊಡಗಿದರು. ಅರವತ್ತು ದಾಟಿದ ಮಾಮ ತಲೆ ತಗ್ಗಿಸಿ, ಅಕ್ಕ ಬಿಡಿಸಿಟ್ಟದ್ದನ್ನು ಸುಮ್ಮನೆ ತಿಂದರು.